ಯಾರ ಟವೆಲ್ ಎದ್ದಿದೆ? ವಾಸ್ಕೋದ ರೊಟ್ಟಿ ಖಾನಾವಳಿ ಮತ್ತು ಅದರ ಫುಟ್‌ಬಾಲ್ ವಹಿ

ಗೋವಾದ ವಾಸ್ಕೋದಲ್ಲಿ ಜೋಳದ ರೊಟ್ಟಿಗೆ ಬರವಿಲ್ಲ. ಬೈನಾ, ಝುವಾರಿನಗರ, ಹೀಗೆ ಉತ್ತರ ಕರ್ನಾಟಕದ ನಮ್ಮ ಜನ ನೆಲೆನಿಂತ ಕಡೆಯಲ್ಲೆಲ್ಲ ಸಂಜೆಯಾದರೆ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ತಿಲಕ್ ಮೈದಾನದಿಂದ ನಡೆದೇ ಹೋಗಬಹುದಾದ ಈ ಖಾನಾವಳಿಯ ಬಗ್ಗೆ ಬರೆಯಲು ರೊಟ್ಟಿ ಅರ್ಧ ಕಾರಣ. ಉಳಿದರ್ಧ, ಗಲ್ಲೆಯ ಪಕ್ಕ ದಾರ ಕಟ್ಟಿ ಇಟ್ಟಿರುವ ಕೆಂಪು ಬೆನ್ನಿನ ಉದ್ದನೆ ವಹಿ. ಈ ಸೀಸನ್ನಿನಲ್ಲಿ ಯಾವ ಫುಟ್‌ಬಾಲ್ ಆಟಗಾರ ಎದ್ದು ಬರುತ್ತಾನೆ ಎಂದು ಗಿರಾಕಿಗಳು ಅದರಲ್ಲಿ ಮುಂಚಿತವಾಗಿ ಬರೆದಿಡುತ್ತಾರೆ. ಇಂಥ ಪಟ್ಟಿಗಳನ್ನು ದುಡ್ಡು ಕೊಟ್ಟು ಆಪ್‌ಗಳಲ್ಲೂ ಓದಿದ್ದೇನೆ. ಈ ವಹಿ ಕಲಿಸಿದಷ್ಟು ಅವು ಯಾವುವೂ ಕಲಿಸಿಲ್ಲ.

ಬೋರ್ಡಿನ ಮೇಲೆ ಕನ್ನಡ, ದೇವನಾಗರಿ ಎರಡರಲ್ಲೂ ‘ಜೋಳದ ರೊಟ್ಟಿ ಊಟ’ ಎಂದಷ್ಟೇ ಇದೆ, ಬೇರೆ ಹೆಸರಿಲ್ಲ. ಆರು ಟೇಬಲ್, ಗೋಡೆಗೊಂದು ಟಿವಿ, ಹಿಂದೆ ಅಡುಗೆಮನೆ. ನಡೆಸುವವರು ಗದಗ ಕಡೆಯ ಗಂಡ ಹೆಂಡತಿ. ಗಲ್ಲೆಯಲ್ಲಿ ಕೂರುವ ಕಾಕಾ ಹರೆಯದಲ್ಲಿ ಬಂದರಿನ ಕೆಲಸಕ್ಕೆಂದು ಬಂದವರು. ಗೋವಾದ ಕ್ಲಬ್‌ಗಳಾದ ಡೆಂಪೊ, ಸಾಲ್ಗಾಂವ್ಕರ್, ಚರ್ಚಿಲ್ ಬ್ರದರ್ಸ್ ಪಂದ್ಯಗಳನ್ನು ನೋಡುತ್ತ ನೋಡುತ್ತ ಈ ಆಟದ ಗುಂಗು ಹಿಡಿಸಿಕೊಂಡರು. ಡೆಂಪೊ ಐದು ಸಲ ದೇಶದ ಲೀಗ್ ಗೆದ್ದ ಕಾಲವನ್ನು ಕಣ್ಣಾರೆ ಕಂಡವರ ಹತ್ತಿರ ಮಾತಾಡುವುದೆಂದರೆ ನನಗೆ ಊಟದಷ್ಟೇ ಖುಷಿ.

ಮೊದಲು ಊಟ. ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ, ಬಾಗಿಲಿಗೆ ಎದುರಿನ ಟೇಬಲ್ ಸಿಕ್ಕರೆ ಬಿಡಬೇಡಿ. ಕಾಕೂ ಹಿಟ್ಟು ಉದುರಿಸಿ ಉಂಡೆಯನ್ನು ಅಂಗೈಯಿಂದ ಬಡಿಯುತ್ತ ತಿರುಗಿಸುತ್ತಾರೆ, ಅಂಚು ಬಿರಿಯುವ ಮುನ್ನವೇ ಬೆರಳ ತುದಿಯಿಂದ ಒತ್ತಿ ಕೂಡಿಸುತ್ತಾರೆ. ಹಂಚಿಗೆ ಬಿದ್ದ ರೊಟ್ಟಿಯ ಮೈಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ, ನೀರು ಆರುತ್ತಿದ್ದಂತೆ ಮಗುಚಿ, ಕೊನೆಗೆ ಉರಿಗೇ ಒಡ್ಡುತ್ತಾರೆ. ಉಬ್ಬಿದ ರೊಟ್ಟಿ ತಾಟಿಗೆ ಬರುವಾಗ ಇನ್ನೂ ಹಬೆಯಾಡುತ್ತಿರುತ್ತದೆ. ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಒಂದು ಕಾಳುಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಒಂದು ಹಿಡಿ ಮೆಂತೆ ಸೊಪ್ಪು. ಎಣ್ಣೆಗಾಯಿಗೆ ಹುರಿದ ಶೇಂಗಾ ಪುಡಿ ಧಾರಾಳವಾಗಿ ಹಾಕುತ್ತಾರೆ, ಬದನೆಕಾಯಿ ತೊಟ್ಟಿನವರೆಗೂ ಬೆಂದಿರುತ್ತದೆ. ಗೋವಾದಲ್ಲಿದ್ದೂ ಈ ರುಚಿ ಸಿಗುವುದು ದೊಡ್ಡ ಮಾತು. ಸಾರು ಮಾತ್ರ ತೀರಾ ತೆಳು, ಅನ್ನದ ಪಾಲೂ ಕಡಿಮೆ. ಅನ್ನ ಇಷ್ಟಪಡುವವರು ಮೊದಲೇ ಹೇಳಿ ಹೆಚ್ಚು ಹಾಕಿಸಿಕೊಳ್ಳಿ. ಶನಿವಾರ ರವೆ ಹಚ್ಚಿ ಹುರಿದ ಬಂಗಡೆ ಇರುತ್ತದೆ. ಊಟ 130 ರೂಪಾಯಿ, ಮೀನಿಗೆ ಬೇರೆ.

ಇನ್ನು ವಹಿ. ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್ ಶುರುವಾಗುವ ವಾರ ಅದು ತೆರೆಯುತ್ತದೆ, ಯುರೋಪಿನ ವರ್ಗಾವಣೆ ಕಿಟಕಿ, ಅಂದರೆ ಕ್ಲಬ್‌ಗಳು ಆಟಗಾರರನ್ನು ಕೊಂಡು ಮಾರುವ ಅವಧಿ, ಮುಚ್ಚಿದ ರಾತ್ರಿ ಅದೂ ಮುಚ್ಚುತ್ತದೆ. ಒಬ್ಬರಿಗೆ ಮೂರೇ ಹೆಸರು. ಬರೆದ ಮೇಲೆ ಹೊಡೆದುಹಾಕುವಂತಿಲ್ಲ. ಹಿಂದಿನ ಸೀಸನ್ನಿನಲ್ಲಿ ತನ್ನ ಲೀಗಿನಲ್ಲಿ ಹತ್ತು ಗೋಲು ಮುಟ್ಟಿದವನ ಹೆಸರು ನಡೆಯುವುದಿಲ್ಲ, ಅವನು ಆಗಲೇ ಎದ್ದು ಬಂದಾಯಿತು. ಹೆಸರಿನ ಮುಂದೆ ಗೆರೆ ಎಳೆದ ಕಾಲಂಗಳಿವೆ: ವಯಸ್ಸು, ಕಳೆದ ಸಲ ಎಷ್ಟು ನಿಮಿಷ ಆಡಿದ, ಯಾರ ಜಾಗದಲ್ಲಿ ಆಡುತ್ತಾನೆ, ಪೆನಾಲ್ಟಿ ಯಾರು ಹೊಡೆಯುತ್ತಾರೆ. ಮೂರನೆಯ ಕಾಲಂ ಖಾಲಿ ಬಿಟ್ಟರೆ ಕಾಕಾ ಪೆನ್ನು ಹಿಂದಕ್ಕೆ ಕೊಡುತ್ತಾರೆ.

“ಚಲೋ ಆಡ್ತಾನ ಅನ್ನೂದು ಬ್ಯಾಡ್ರಿ. ಚಲೋ ಆಡಾವ್ರು ಸಾವಿರ ಮಂದಿ ಅದಾರ. ಯಾರ ಟವೆಲ್ ಎದ್ದೈತಿ, ಅದನ್ನ ಬರೀರಿ.”

ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಡದಲ್ಲಿ ಹನ್ನೊಂದೇ ಸೀಟು. ಎಲ್ಲದರ ಮೇಲೂ ಯಾರದೋ ಟವೆಲ್ ಇದೆ. ಯಾರು ಎದ್ದು ಹೋದರು, ಯಾರಿಗೆ ಗಾಯವಾಯಿತು, ಹೊಸ ಕೋಚ್ ಯಾರನ್ನು ಎಬ್ಬಿಸಿದ, ಇವು ಗೊತ್ತಿಲ್ಲದೆ ಯಾವ ಹುಡುಗ ಮಿಂಚುತ್ತಾನೆ ಎಂದು ಹೇಳಹೊರಡುವುದು ಬರೀ ಆಸೆಯ ಮಾತು.

ಇದನ್ನು ನನಗೆ ಮನದಟ್ಟು ಮಾಡಿಸಿದ್ದು ವಹಿಯ ನಡುವಿರುವ, ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಪುಟ. ಅದನ್ನು ಕಾಕಾ ಸ್ವತಃ ಬರೆದಿದ್ದಾರೆ, ಮೇಲಿಂದ ಕೆಳಗೆ ಬಾಣದ ಗುರುತು ಹಾಕಿಕೊಂಡು. 2019ರ ಬೇಸಿಗೆಯಲ್ಲಿ ಆ ತಂಡದ ಸ್ಟ್ರೈಕರ್ ನೀಲ್ ಮೊಪೆ ಬ್ರೈಟನ್‌ಗೆ ಹೋದ. ಅಲ್ಲಿಯವರೆಗೆ ಮೈದಾನದ ಅಂಚಿನಲ್ಲಿ ಆಡುತ್ತಿದ್ದ ಓಲಿ ವಾಟ್ಕಿನ್ಸ್‌ನನ್ನು ಆ ಜಾಗಕ್ಕೆ ತಂದರು, ಅವನು ಆ ಸೀಸನ್ನಿನ ಲೀಗಿನಲ್ಲಿ 25 ಗೋಲು ಹೊಡೆದ. 2020ರಲ್ಲಿ ವಾಟ್ಕಿನ್ಸ್ ಆಸ್ಟನ್ ವಿಲ್ಲಾಕ್ಕೆ ಎದ್ದ. ಪೀಟರ್‌ಬರೋದಿಂದ ಐವನ್ ಟೋನಿ ಬಂದ, 31 ಗೋಲು ಹೊಡೆದು ಎರಡನೆಯ ದರ್ಜೆಯ ಲೀಗಾದ ಚಾಂಪಿಯನ್‌ಶಿಪ್ಪಿನ ಆವರೆಗಿನ ದಾಖಲೆ ಮುರಿದ, ತಂಡ ಪ್ರೀಮಿಯರ್ ಲೀಗಿಗೆ ಏರಿತು. 2024ರ ಆಗಸ್ಟ್ ಕೊನೆಯಲ್ಲಿ ಟೋನಿ ಸೌದಿಯ ಅಲ್ ಅಹ್ಲಿಗೆ ಹೋದ. ಆಗ ಅದೇ ತಂಡದ ಬ್ರಯಾನ್ ಎಂಬ್ಯುಮೊ ಹೆಸರು ಯಾರಾದರೂ ಬರೆದರೆ ನಡೆಯುತ್ತಿತ್ತು. ಹಿಂದಿನ ಸೀಸನ್ನಿನಲ್ಲಿ ಅವನದು 9 ಲೀಗ್ ಗೋಲು, ವಹಿಯ ಗೆರೆಗೆ ಒಂದೇ ಕಡಿಮೆ. ಪೆನಾಲ್ಟಿ ಅವನ ಪಾಲಿಗೆ ಬಂತು. ಮೇ ತಿಂಗಳಿಗೆ 20 ಗೋಲು. ಪಕ್ಕದಲ್ಲೇ ಆಡುತ್ತಿದ್ದ ಯೋನ್ ವಿಸ್ಸಾಗೆ 19.

2025ರಲ್ಲಿ ಆ ಇಬ್ಬರೂ ಎದ್ದರು. ಎಂಬ್ಯುಮೊ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ವಿಸ್ಸಾ ನ್ಯೂಕ್ಯಾಸಲ್‌ಗೆ. ಕೋಚ್ ಥಾಮಸ್ ಫ್ರಾಂಕ್ ಕೂಡ ಟಾಟನ್‌ಹ್ಯಾಮ್‌ಗೆ ಹೊರಟರು. ಬ್ರೆಂಟ್‌ಫರ್ಡ್ ಕೆಳಗಿನ ದರ್ಜೆಗೆ ಇಳಿಯುತ್ತದೆ ಎಂದು ಬಹಳ ಜನ ಬರೆದರು. ನಮ್ಮ ವಹಿಯಲ್ಲಿ, ಬಂದರಿನ ಕ್ರೇನ್ ವಿಭಾಗದ ಹುಡುಗನೊಬ್ಬ ಇಗೋರ್ ಥಿಯಾಗೊ ಎಂದು ಬರೆದ. ಹಿಂದಿನ ಸೀಸನ್ನಿನ ಬಹುಪಾಲು ಗಾಯದಲ್ಲೇ ಕಳೆದಿದ್ದ ಬ್ರೆಜಿಲ್ ಸ್ಟ್ರೈಕರ್, ಬೆರಳೆಣಿಕೆಯ ಪಂದ್ಯಗಳು, ಲೀಗಿನಲ್ಲಿ ಒಂದು ಗೋಲೂ ಇಲ್ಲ. ಅಂಕಿಅಂಶ ಮಾತ್ರ ನೋಡುವವರು ಈ ಹೆಸರನ್ನು ಮುಟ್ಟುವುದೇ ಇಲ್ಲ. ಹುಡುಗ ಮೂರನೆಯ ಕಾಲಂನಲ್ಲಿ ಬರೆದಿದ್ದು ಎರಡೇ ಪದ: “ಎಲ್ಲರೂ ಎದ್ದರು.” 2026ರ ಜನವರಿ ಮೊದಲ ವಾರ ಮುಗಿಯುವಷ್ಟರಲ್ಲಿ ಥಿಯಾಗೊ 16 ಗೋಲು ಹೊಡೆದಿದ್ದ. ಒಂದು ಪ್ರೀಮಿಯರ್ ಲೀಗ್ ಸೀಸನ್ನಿನಲ್ಲಿ ಬ್ರೆಜಿಲ್ ಆಟಗಾರನೊಬ್ಬ ಅಷ್ಟು ಗೋಲು ಹೊಡೆದದ್ದು ಅದೇ ಮೊದಲು. ಆ ಹುಡುಗನ ಸಾಲಿನ ಕೆಳಗೆ ಕಾಕಾ ಹಸಿರು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ. ಇಡೀ ವಹಿಯಲ್ಲಿ ಎರಡು ಗೆರೆ ಇರುವುದು ಅಲ್ಲಿ ಮಾತ್ರ.

ಕಾಲಂಗಳಲ್ಲಿ ಪೆನಾಲ್ಟಿ ಏಕೆ ಎಂದು ಹೊಸಬರು ಕೇಳುತ್ತಾರೆ. ನಾಲ್ಕು ಪೆನಾಲ್ಟಿಯಲ್ಲಿ ಹೆಚ್ಚುಕಡಿಮೆ ಮೂರು ಗೋಲಾಗುತ್ತವೆ. ಚೆಂಡು ಉರುಳುತ್ತಿರುವಾಗ ಅಷ್ಟು ಒಳ್ಳೆಯ ಅವಕಾಶ ಇಡೀ ಪಂದ್ಯದಲ್ಲಿ ಒಂದು ಸಿಕ್ಕರೆ ದೊಡ್ಡದು. ಕೋಲ್ ಪಾಮರ್ 2023ರ ಸೆಪ್ಟೆಂಬರ್ 1ರಂದು ಮ್ಯಾಂಚೆಸ್ಟರ್ ಸಿಟಿಯಿಂದ ಚೆಲ್ಸಿಗೆ ಬಂದ, ಆ ಸೀಸನ್ 22 ಲೀಗ್ ಗೋಲು ಹೊಡೆದ. ಅದರಲ್ಲಿ 9 ಪೆನಾಲ್ಟಿ. ಹಾಗೆಂದು ಅವನು ಪೆನಾಲ್ಟಿಯಿಂದಲೇ ಬೆಳೆದವನೆಂದು ನಾನು ಹೇಳುವುದಿಲ್ಲ. ಸಿಟಿ ಬಿಡುವ ಮುನ್ನ ಅದೇ ಆಗಸ್ಟ್‌ನಲ್ಲಿ ಕಮ್ಯುನಿಟಿ ಶೀಲ್ಡ್‌ನಲ್ಲಿ ಆರ್ಸೆನಲ್ ವಿರುದ್ಧ ಒಂದು, ಯುಎಫಾ ಸೂಪರ್ ಕಪ್‌ನಲ್ಲಿ ಸೆವಿಯಾ ವಿರುದ್ಧ ಒಂದು ಗೋಲು ಹೊಡೆದಿದ್ದ. ಕೈಗೆ ಸಿಕ್ಕ ಚೂರುಪಾರು ನಿಮಿಷಗಳಲ್ಲಿ ಏನು ಮಾಡಿದ ಎನ್ನುವುದನ್ನು ನೋಡಿದವರಿಗೆ ಸುಳಿವು ಅಲ್ಲೇ ಇತ್ತು. ಕಿಟಕಿ ಮುಚ್ಚುವವರೆಗೂ ವಹಿ ತೆರೆದಿಡುವ ನಿಯಮ ಎಷ್ಟು ಸರಿ ಎನ್ನುವುದಕ್ಕೆ ಪಾಮರ್ ಒಬ್ಬನೇ ಸಾಕು.

ನಾನು ಚಂದಾ ಕಟ್ಟಿದ್ದ ಒಂದು ಆಪ್ ಪ್ರತಿ ಆಗಸ್ಟ್‌ಗೆ ಐವತ್ತು ಹೆಸರು ಕೊಡುತ್ತಿತ್ತು. ಐವತ್ತು ಕೊಟ್ಟರೆ ನಾಲ್ಕೈದು ತಾವಾಗಿಯೇ ಸರಿಹೋಗುತ್ತವೆ, ಮೇ ತಿಂಗಳಲ್ಲಿ ಆ ನಾಲ್ಕೈದನ್ನೇ ಎತ್ತಿ ತೋರಿಸುತ್ತಾರೆ, ಉಳಿದವು ಎಲ್ಲಿ ಹೋದವೋ. ಇಲ್ಲಿ ಮೂರೇ, ಅದೂ ಶಾಯಿಯಲ್ಲಿ. ತಪ್ಪಿದ್ದೂ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಹಣದ ಮಾತಂತೂ ಇಲ್ಲವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದು ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಸ್ಪರ್ಧೆಗಳು ನಿಂತವು. ಅದಕ್ಕೆ ಎಷ್ಟೋ ಮೊದಲಿನಿಂದ ಕಾಕಾ ಟೇಬಲ್ ಮೇಲೆ ಬಾಜಿಯ ನೋಟು ಕಂಡರೆ ಎದ್ದು ಹೋಗಿ ಎನ್ನುತ್ತಿದ್ದರು. ಗೆದ್ದವರಿಗೆ ಮೇ ತಿಂಗಳಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ. ಅದರ ಮರ್ಯಾದೆ ದೊಡ್ಡದು.

ಟವೆಲ್ ಮಾತನ್ನು ಒಪ್ಪದವರೂ ಇದ್ದಾರೆ. ನಿಜವಾದ ಪ್ರತಿಭೆ ತನ್ನ ಸೀಟು ತಾನೇ ಮಾಡಿಕೊಳ್ಳುತ್ತದೆ ಎಂದು ಕಿಟಕಿ ಪಕ್ಕದ ಟೇಬಲ್ಲಿನ ನಿವೃತ್ತ ಮೇಷ್ಟ್ರು ವಾದ ಹೂಡುತ್ತಾರೆ, ಲಮೀನ್ ಯಮಾಲ್ ಹೆಸರು ಹೇಳುತ್ತಾರೆ. ಹದಿನೈದನೆಯ ವಯಸ್ಸಿಗೆ ಬಾರ್ಸಿಲೋನಾದ ಮೊದಲ ತಂಡ, ಯುರೋಪಿನ ದೇಶಗಳ 2024ರ ಯುರೋ ಕಪ್ ಸೆಮಿಫೈನಲ್‌ನಲ್ಲಿ ಸ್ಪೇನ್ ಪರ ಫ್ರಾನ್ಸ್ ವಿರುದ್ಧ ದೂರದಿಂದ ಬಾಗಿಸಿ ಹೊಡೆದ ಆ ಗೋಲು, ಫೈನಲ್‌ಗೆ ಒಂದು ದಿನ ಮೊದಲು ಹದಿನೇಳು ತುಂಬಿದ್ದು. ಇಂಥವನಿಗೆ ಯಾರ ಟವೆಲ್ ಲೆಕ್ಕ?

ಕಾಕಾ ಉತ್ತರ ಕೊಟ್ಟಿದ್ದು ರೊಟ್ಟಿ ಬಡಿಸುತ್ತಲೇ. 2023ರ ಆಗಸ್ಟ್‌ನಲ್ಲಿ ಉಸ್ಮಾನ್ ಡೆಂಬೆಲೆ ಬಾರ್ಸಿಲೋನಾ ಬಿಟ್ಟು ಪ್ಯಾರಿಸ್‌ಗೆ ಹೋದ. ಅವನು ಬಿಟ್ಟಿದ್ದು ಬಲ ಅಂಚು, ಯಮಾಲ್ ಆಡಿದ್ದು ಅಲ್ಲೇ. ಮರುವರ್ಷ ಎಂಬಾಪೆ ಪ್ಯಾರಿಸ್ ಬಿಟ್ಟು ರಿಯಲ್ ಮ್ಯಾಡ್ರಿಡ್‌ಗೆ ಹೊರಟ. ಕೋಚ್ ಲೂಯಿಸ್ ಎನ್ರಿಕೆ ಡೆಂಬೆಲೆಯನ್ನು ನಡುವಿಗೆ ತಂದ. ಗೋಲು ಹೊಡೆಯಲು ಬಾರದು ಎಂದು ಹೆಸರಾಗಿದ್ದವನು ಆ ಸೀಸನ್ ಫ್ರೆಂಚ್ ಲೀಗಿನಲ್ಲಿ 21 ಗೋಲು ಹೊಡೆದ, ಪ್ಯಾರಿಸ್ ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್ ಗೆದ್ದಿತು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ 2025ರ ಬ್ಯಾಲನ್ ಡಿಓರ್‌ನಲ್ಲಿ ಡೆಂಬೆಲೆ ಮೊದಲಿಗ, ಯಮಾಲ್ ಎರಡನೆಯವ. ಒಂದೇ ಸಾಲಿನ ಟವೆಲ್‌ಗಳು ಜರುಗಿ ಇಬ್ಬರೂ ಮೇಲೆ ಬಂದರು. ಮೇಷ್ಟ್ರು ಆ ರಾತ್ರಿ ಹೆಚ್ಚು ಮಾತಾಡಲಿಲ್ಲ, ಮರುದಿನ ಬಂದು ವಾದ ಮುಂದುವರಿಸಿದರು. ಪ್ರತಿಭೆ ಇಲ್ಲದವನಿಗೆ ಸೀಟು ಸಿಕ್ಕರೆ ಏನು ಬಂತು ಎನ್ನುವುದು ಅವರ ಪ್ರಶ್ನೆ. ಅದೂ ಸರಿಯೇ. 2023ರಲ್ಲಿ ಹ್ಯಾರಿ ಕೇನ್ ಬಾಯರ್ನ್‌ಗೆ ಹೋದಾಗ ಟಾಟನ್‌ಹ್ಯಾಮ್‌ನ ಅಷ್ಟು ದೊಡ್ಡ ಸೀಟು ಖಾಲಿಯಾಯಿತು. ರಿಚಾರ್ಲಿಸನ್ 11 ಲೀಗ್ ಗೋಲು ಹೊಡೆದ, ಸಾನ್ ಹೆಂಗ್ ಮಿನ್‌ನನ್ನು ಆಗಾಗ ನಡುವಿಗೆ ತರಬೇಕಾಯಿತು, ಕೇನ್ ಜಾಗ ಯಾರಿಗೂ ಪೂರ್ತಿ ದಕ್ಕಲಿಲ್ಲ. ಹಿಡಿದ ಸೀಟು ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕೋಬಿ ಮೈನೂ 2023ರ ನವೆಂಬರ್‌ನಲ್ಲಿ, ಅದೇ ತಂಡದ ಕ್ಯಾಸೆಮಿರೊ ಗಾಯಗೊಂಡಿದ್ದಾಗ, ಎವರ್ಟನ್ ವಿರುದ್ಧ ಪ್ರೀಮಿಯರ್ ಲೀಗಿನಲ್ಲಿ ಮೊದಲ ಸಲ ಆರಂಭದಿಂದ ಆಡಿದ. 2024ರ ಮೇನಲ್ಲಿ ಎಫ್‌ಎ ಕಪ್ ಫೈನಲ್‌ನಲ್ಲಿ ಸಿಟಿ ವಿರುದ್ಧ ಗೋಲು ಹೊಡೆದ. 2025ರ ಆಗಸ್ಟ್ ಬಂದಾಗ ಕೋಚ್ ರೂಬೆನ್ ಅಮೊರಿಮ್ ಕೈಯಲ್ಲಿ ಬೆಂಚು ಕಾಯುತ್ತಿದ್ದ. ವಹಿಯಲ್ಲಿ ಮೈನೂ ಹೆಸರಿನ ಮೇಲೆ ಯಾರದೋ ಎಣ್ಣೆಗಾಯಿ ಬೆರಳಿನ ಗುರುತು ಹಾಗೇ ಇದೆ.

ವಹಿಯ ದೊಡ್ಡ ಕೊರತೆ ನನ್ನ ಪ್ರಕಾರ ಒಂದು: ಅದರ ಕಣ್ಣೆಲ್ಲ ಗೋಲಿನ ಮೇಲೆ. ಭಾನುವಾರ ಬೆಳಿಗ್ಗೆ ಸೆಂಟರ್‌ಬ್ಯಾಕ್, ಅಂದರೆ ನಡು ಡಿಫೆಂಡರ್, ಆಡುವ ನನಗೆ ಇದು ನಿಜಕ್ಕೂ ನೋವಾಗುತ್ತದೆ. ಡಿಫೆಂಡರ್ ಡೀನ್ ಹೌಸನ್ 2024ರಲ್ಲಿ ಯುವೆಂಟಸ್‌ನಿಂದ ಬೋರ್ನ್‌ಮತ್‌ಗೆ ಬಂದ. ಒಂದೇ ಸೀಸನ್ ಆಡಿದ, 2025ರ ಮೇನಲ್ಲಿ ರಿಯಲ್ ಮ್ಯಾಡ್ರಿಡ್ ಐದು ಕೋಟಿ ಪೌಂಡ್ ಕೊಟ್ಟು ಕೊಂಡಿತು. ಅದಕ್ಕಿಂತ ದೊಡ್ಡದಾಗಿ ಆ ವರ್ಷ ಎದ್ದು ಬಂದವರು ಎಷ್ಟು ಮಂದಿ? ವಹಿಯಲ್ಲಿ ಅವನ ಹೆಸರೇ ಇಲ್ಲ, ಏಕೆಂದರೆ ಹಸಿರು ಶಾಯಿ ಗೋಲು ಎಣಿಸಿ ಬೀಳುತ್ತದೆ. ಡಿಫೆಂಡರ್‌ಗಳಿಗೆ ಬೇರೆ ಪುಟ ಇಡಿ, ಸೀಸನ್ ಕೊನೆಗೆ ಎಷ್ಟು ಪಂದ್ಯ ಆರಂಭದಿಂದ ಆಡಿದ ಎನ್ನುವುದರ ಮೇಲೆ ತೀರ್ಮಾನಿಸಿ ಎಂದು ಕೇಳುತ್ತಲೇ ಇದ್ದೇನೆ. ಗೋಲ್‌ಕೀಪರ್‌ಗಳಿಗೂ ಬೇಕು. ಕಾಕಾ ನೋಡೋಣ ಎಂದಿದ್ದಾರೆ.

ಸೇವೆಯ ತೊಂದರೆಗಳನ್ನೂ ಹೇಳಬೇಕು. ಟಿವಿಗೆ ಪಂದ್ಯ ಬರುವುದು ಇಂಟರ್ನೆಟ್ ಮೂಲಕ, ತಡವಾಗಿ. ಪಕ್ಕದವರ ಫೋನ್ ಕಿಣಿಕಿಣಿ ಎಂದರೆ ಗೋಲಾಯಿತೆಂದು ನಾವು ನೋಡುವ ಮುನ್ನವೇ ಗೊತ್ತಾಗುತ್ತದೆ. ಈಗ ಎಲ್ಲರೂ ಫೋನ್ ಮಗುಚಿ ಸದ್ದು ಆರಿಸಿ ಇಡಬೇಕೆಂದು ನಿಯಮ ಮಾಡಿದ್ದಾರೆ, ಪಾಲಿಸದವರೇ ಹೆಚ್ಚು. ಆಗಸ್ಟ್‌ನಲ್ಲಿ ಶನಿವಾರದ ಪಂದ್ಯಗಳು ಇಲ್ಲಿ ಸಂಜೆ 5, 7.30, ರಾತ್ರಿ 10ಕ್ಕೆ. ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನ ಗಡಿಯಾರ ಹಿಂದೆ ಹೋದ ಮೇಲೆ ಎಲ್ಲ ಒಂದು ಗಂಟೆ ತಡ. ಖಾನಾವಳಿ 11ಕ್ಕೆ ಶಟರ್ ಎಳೆಯುತ್ತದೆ, ಕೊನೆಯ ಪಂದ್ಯ ಪೂರ್ತಿ ಸಿಗುವುದಿಲ್ಲ. ತಡರಾತ್ರಿಯ ಚಾಂಪಿಯನ್ಸ್ ಲೀಗ್ ಕೇಳಲೇಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಟಿವಿ ಓಡುತ್ತದೆ, ಫ್ಯಾನ್ ಓಡುವುದಿಲ್ಲ. ಒಲೆಯ ಝಳ, ಕಡಲಿನ ಸೆಕೆ, ಜೊತೆಗೆ ಮೂವತ್ತು ಜನ. ಮನೆಯವರನ್ನು ಕರೆದುಕೊಂಡು ಬರುವುದಾದರೆ ಏಳೂವರೆ ಒಳಗೆ ಬಂದು ಹೋಗುವುದು ಒಳ್ಳೆಯದು. ಬಿಸಿ ರೊಟ್ಟಿಯ ಹಿಟ್ಟೂ ಒಂಬತ್ತೂವರೆಗೆ ಮುಗಿಯುತ್ತದೆ, ಆಮೇಲೆ ಕಟಕ್ ರೊಟ್ಟಿಯೇ.

ವಹಿಯನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಭಾರತದ ಪುಟಗಳು. ನನಗೆ ಇವೇ ಹೆಚ್ಚು ಪ್ರೀತಿ. ಮೊದಲ ಸಾಲಿನಲ್ಲಿ ಬ್ರೈಸನ್ ಫರ್ನಾಂಡಿಸ್. 2024ರ ಬೇಸಿಗೆಯಲ್ಲಿ ಎಫ್‌ಸಿ ಗೋವಾದ ಗೋಲುಗಾರ ನೋಹಾ ಸದಾವಿ ಕೇರಳ ಬ್ಲಾಸ್ಟರ್ಸ್‌ಗೆ ಹೋದ, ಮುಂಚೂಣಿಯಲ್ಲಿ ಜಾಗವಾಯಿತು. ಗೋವಾದ್ದೇ ಹುಡುಗ ಬ್ರೈಸನ್ ಅಲ್ಲಿ ಟವೆಲ್ ಹಾಕಿದ. ಕೋಚ್ ಮನೊಲೊ ಮಾರ್ಕ್ವೆಜ್ ಕೈಯಲ್ಲಿ ಆ ಸೀಸನ್ ಆಡಿ ದೇಶದ ಮೊದಲ ದರ್ಜೆಯ ಲೀಗಾದ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ. 2025ರ ಅಕ್ಟೋಬರ್ 22ರಂದು ಫತೋರ್ಡಾ ಕ್ರೀಡಾಂಗಣಕ್ಕೆ ರೊನಾಲ್ಡೊನ ಸೌದಿ ಕ್ಲಬ್ ಅಲ್ ನಸ್ರ್ ಬಂದಾಗ ನಾವೆಲ್ಲ ಖಾನಾವಳಿಯಿಂದಲೇ ಗುಂಪು ಕಟ್ಟಿಕೊಂಡು ಹೋಗಿದ್ದೆವು. ರೊನಾಲ್ಡೊ ಬರಲಿಲ್ಲ, ಗೋವಾ 1-2ರಿಂದ ಸೋತಿತು. ಗೋವಾದ ಆ ಒಂದು ಗೋಲು ಬ್ರೈಸನ್‌ದು. ಚೆಂಡು ಬಲೆಗೆ ಬಿದ್ದಾಗ ನನ್ನ ಪಕ್ಕದಲ್ಲಿ ಕಾಕಾ ಎರಡೂ ಕೈ ತಲೆಯ ಮೇಲಿಟ್ಟು ನಿಂತುಬಿಟ್ಟರು.

ಅದರ ಕೆಳಗೆ ಬೆಂಗಳೂರು ಎಫ್‌ಸಿಯ ಹುಡುಗರು. ರೋಷನ್ ಸಿಂಗ್ 2021-22ರಲ್ಲಿ, ಶಿವಶಕ್ತಿ ನಾರಾಯಣನ್ 2022-23ರಲ್ಲಿ ಇದೇ ಪ್ರಶಸ್ತಿ ಪಡೆದವರು. ಭಾರತೀಯ ಸ್ಟ್ರೈಕರ್‌ಗಳ ಸಾಲುಗಳು ಮಾತ್ರ ಬಹಳ ಕಡಿಮೆ, ಇದರ ಕಾರಣವೂ ಟವೆಲ್ಲೇ. ಐಎಸ್‌ಎಲ್‌ನಲ್ಲಿ ಮೈದಾನದಲ್ಲಿ ನಾಲ್ವರು ವಿದೇಶಿಯರಿಗೆ ಅವಕಾಶ, ಹೆಚ್ಚಿನ ತಂಡಗಳು ಅದರಲ್ಲೊಂದನ್ನು ನಡು ಸ್ಟ್ರೈಕರ್‌ಗೇ ಇಡುತ್ತವೆ. ಆ ಸೀಟಿಗೆ ನಮ್ಮ ಹುಡುಗರು ಕಾಯುತ್ತ ಕಾಯುತ್ತ ಇಪ್ಪತ್ತಾರು, ಇಪ್ಪತ್ತೇಳಾಗುತ್ತಾರೆ. ಸುನಿಲ್ ಚೆಟ್ರಿ ನಲವತ್ತರಲ್ಲೂ ಗೋಲು ಹೊಡೆಯುತ್ತಿದ್ದುದನ್ನು ಕಂಡು ನಾವು ಹೆಮ್ಮೆಪಟ್ಟೆವು. ಅವರ ಹಿಂದೆ ಸಾಲಿನಲ್ಲಿ ನಿಂತವರು ಯಾರು ಎಂದು ವಹಿಯಲ್ಲಿ ಬರೆಯಹೋದರೆ ಪೆನ್ನು ತಡೆಯುತ್ತದೆ.

ಇನ್ನೂ ಹಿಂದೆ, ಕೊನೆಯ ಪುಟಗಳು ಗೋವಾ ಪ್ರೊಫೆಷನಲ್ ಲೀಗಿಗೆ ಮೀಸಲು. ಯುರೋಪಿನ ಆಟಗಾರ ಎಷ್ಟು ನಿಮಿಷ ಆಡಿದ, ಎಲ್ಲಿಂದ ಹೊಡೆದ ಎನ್ನುವುದು ಫೋನ್ ಇದ್ದ ಯಾರಿಗಾದರೂ ಸಿಗುತ್ತದೆ. ತಿಲಕ್ ಮೈದಾನದಲ್ಲಿ, ಮಾಪುಸಾದ ಡುಲೇರ್‌ನಲ್ಲಿ ಸಂಜೆ ಬಿಸಿಲಿಗೆ ಆಡುವ ಹತ್ತೊಂಬತ್ತರ ಹುಡುಗನ ಲೆಕ್ಕ ಅಷ್ಟು ವಿವರವಾಗಿ ಯಾರ ಹತ್ತಿರವೂ ಇಲ್ಲ. ನೋಡಿದ ಕಣ್ಣೇ ದಾಖಲೆ. ಝುವಾರಿನಗರದ ನಮ್ಮ ಮನೆಗಳ ಮಕ್ಕಳೂ ಈಗ ಬೂಟು ಕಟ್ಟುತ್ತಿದ್ದಾರೆ, ಅವರ ಆಟ ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ ಯಾವ ತಂಡದ ಯಾವ ಜಾಗ ಖಾಲಿ ಎನ್ನುವುದು ಚೆನ್ನಾಗಿ ಗೊತ್ತು. ಆದರೂ ಆ ಪುಟಗಳು ಅರ್ಧಕ್ಕರ್ಧ ಖಾಲಿ ಇವೆ. ಪಂದ್ಯ ನೋಡಿದವರು ಒಮ್ಮೆ ಖಾನಾವಳಿಗೆ ಬನ್ನಿ. ಈ ಪುಟಗಳಿಗೆ ಮೂರು ಹೆಸರಿನ ಮಿತಿ ಇಲ್ಲ, ವರ್ಷವಿಡೀ ತೆರೆದಿರುತ್ತವೆ. ಊಟ ಮಾಡಲೇಬೇಕೆಂದೂ ಇಲ್ಲ, ಗಲ್ಲೆಯಲ್ಲಿ ಕೇಳಿದರೆ ವಹಿ ಕೊಡುತ್ತಾರೆ. ಮೂರನೆಯ ಕಾಲಂ ತುಂಬುವಷ್ಟು ನೋಡಿಕೊಂಡು ಬಂದರಾಯಿತು. ಸೋಮವಾರ ರಜೆ.